ಗೋಧಿ ಬಿಡುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನ ಬಗ್ಗೆ ಬಂದ ಲೇಖನ ಓದಿದೆ. ಬರೆದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಅದರ ಎರಡು ಮಾತನ್ನು ಹಾಗೇ ಬಿಟ್ಟರೆ ಓದುಗರಿಗೆ ತೊಂದರೆ. ಹೊಟ್ಟೆ ಉಬ್ಬರಿಸಿದರೆ, ಸುಸ್ತಾದರೆ ಮೂರು ವಾರ ಗೋಧಿ ಬಿಟ್ಟು ನೋಡಿ, ಆರಾಮಾದರೆ ನಿಮಗೆ ಗ್ಲುಟೆನ್ ಆಗಿಬರುವುದಿಲ್ಲ ಅಂತ ತಿಳಿಯಿರಿ ಎಂಬುದು ಮೊದಲನೆಯದು. ಗ್ಲುಟೆನ್ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಪಂಜಾಬ್, ಹರಿಯಾಣದವರದ್ದು, ಅನ್ನ ಉಣ್ಣುವ ನಮಗೆ ಅದರ ಚಿಂತೆ ಬೇಡ ಎಂಬುದು ಎರಡನೆಯದು. ಇವೆರಡನ್ನೂ ನಂಬಿ ಕೂತರೆ ಏನಾಗುತ್ತದೆ ಅಂತ ನಮ್ಮ ಮನೆಯಲ್ಲೇ ನೋಡಿದ್ದೇವೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ಮೊದಲೇ ಹೇಳಿಬಿಡುತ್ತೇನೆ.

ನಾನು ಮುಂಬಯಿಯ ಆಸ್ಪತ್ರೆಯೊಂದರ ಪೆಥಾಲಜಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿದ್ದು ನಿವೃತ್ತಳಾದವಳು. ಡಾಕ್ಟರ್ ಅಲ್ಲ. ಆದರೆ ಡಾಕ್ಟರು ಮೈಕ್ರೋಸ್ಕೋಪಿನಲ್ಲಿ ನೋಡುವ ಸ್ಲೈಡ್ ಮಾಡಿಕೊಡುವವರು ನಾವೇ ಅಲ್ವಾ, ಹಾಗಾಗಿ ಕರುಳಿನ ತುಣುಕು ಹೇಗಿರಬೇಕು, ಹೇಗಿರಬಾರದು ಅನ್ನುವುದು ಕಣ್ಣಿಗೆ ಅಭ್ಯಾಸ ಇದೆ.

ನನ್ನ ಅಕ್ಕನ ಮಗಳು ಠಾಣೆಯಲ್ಲಿದ್ದಾಳೆ. ಅವಳಿಗೆ ವರ್ಷಗಟ್ಟಲೆ ರಕ್ತ ಕಡಿಮೆ. ಹಿಮೋಗ್ಲೋಬಿನ್ ಎಂಟು ದಾಟಿದರೆ ಅದೇ ಸಂಭ್ರಮ. ಕಬ್ಬಿಣದ ಮಾತ್ರೆ, ಬೀಟ್ರೂಟ್, ದಾಳಿಂಬೆ, ಖರ್ಜೂರ ಎಲ್ಲ ಆಯಿತು. ಹೆಂಗಸರಿಗೆ ಇದು ಇದ್ದದ್ದೇ ಅಂದರು ಒಬ್ಬರು, ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿರಬೇಕು ಅಂದರು ಇನ್ನೊಬ್ಬರು. ಭೇದಿ ಇರಲಿಲ್ಲ, ತೂಕ ಇಳಿದಿರಲಿಲ್ಲ. ಹಾಗಾಗಿ ಹೊಟ್ಟೆಯ ಕಡೆ ಯಾರ ಗಮನವೂ ಹೋಗಲಿಲ್ಲ. ಈ ಮಧ್ಯೆ ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಡಯಟ್ ನೋಡಿ ಗೋಧಿ ಬಿಟ್ಟಳು. ಮೈ ಸ್ವಲ್ಪ ಹಗುರ ಅನ್ನಿಸಿತು, ಹಾಗೇ ಮುಂದುವರಿಸಿದಳು. ತಿಂಗಳುಗಳಾದ ಮೇಲೆ ಒಬ್ಬ ಹೊಟ್ಟೆ ಡಾಕ್ಟರಿಗೆ ಅನುಮಾನ ಬಂದು ಟಿಟಿಜಿ ಎಂಬ ಸೀಲಿಯಾಕ್‌ನ ರಕ್ತ ಪರೀಕ್ಷೆ ಬರೆದುಕೊಟ್ಟರು. ವರದಿ ನಾರ್ಮಲ್ ಅಂತ ಬಂತು! ಬರದೇ ಇನ್ನೇನು? ಗೋಧಿ ನಿಲ್ಲಿಸಿದರೆ ಆ ಪರೀಕ್ಷೆ ರಕ್ತದಲ್ಲಿ ಹುಡುಕುವ ಆ್ಯಂಟಿಬಾಡಿಗಳು ಮೆಲ್ಲಗೆ ಇಳಿದುಹೋಗುತ್ತವೆ, ಕರುಳೂ ಸುಧಾರಿಸಲು ಶುರುವಾಗುತ್ತದೆ. ಕಾಯಿಲೆ ಮಾತ್ರ ಹೋಗಿರುವುದಿಲ್ಲ. ಪರೀಕ್ಷೆಗೆ ಸಿಗುವುದಿಲ್ಲ, ಅಷ್ಟೇ.

ಆಮೇಲೆ ಡಾಕ್ಟರು ಹೇಳಿದ್ದು, ಮತ್ತೆ ಗೋಧಿ ತಿಂದು ಬನ್ನಿ ಅಂತ. ಬ್ರಿಟನ್ನಿನ ನೈಸ್ ಎಂಬ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲೂ ಇದೇ ಇದೆ: ಪರೀಕ್ಷೆಗೆ ಮುಂಚೆ ಕನಿಷ್ಠ 6 ವಾರ, ದಿನಕ್ಕೆ ಒಂದಕ್ಕಿಂತ ಜಾಸ್ತಿ ಊಟದಲ್ಲಿ ಗ್ಲುಟೆನ್ ಇರಬೇಕು. ಹೇಳುವುದು ಸುಲಭ. ಒಮ್ಮೆ ಬಿಟ್ಟು ಆರಾಮಾಗಿದ್ದವರು ಮತ್ತೆ ಚಪಾತಿ, ಪಾವ್ ಶುರು ಮಾಡಿದಾಗ ಪಡುವ ಪಾಡು ನೋಡಬೇಕು ನೀವು. ಹೊಟ್ಟೆ ನೋವು, ತಲೆನೋವು, ಬಾಯಲ್ಲಿ ಹುಣ್ಣು. ಲೋಕಲ್‌ನಲ್ಲಿ ನಿಂತು ಆಫೀಸಿಗೆ ಹೋಗುವ ಹುಡುಗಿ ಅವಳು. ಆ ಕಷ್ಟವೆಲ್ಲ ಮುಗಿದ ಮೇಲೆ ಟಿಟಿಜಿ ಏರಿತು, ಎಂಡೋಸ್ಕೋಪಿ ಆಯಿತು, ಸೀಲಿಯಾಕ್ ಅಂತ ಖಚಿತವಾಯಿತು. ಗೋಧಿ ಬಿಡುವ ಮುಂಚೆ ಒಂದು ರಕ್ತ ಪರೀಕ್ಷೆ ಮಾಡಿಸಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ನಿಮ್ಮ ಲೇಖನ ಓದಿ ನಾಳೆ ಎಷ್ಟು ಜನ ಇದೇ ದಾರಿ ಹಿಡಿಯುತ್ತಾರೋ ಅನ್ನುವುದೇ ನನ್ನ ಆತಂಕ.

ಸರಿ, ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಸೀಲಿಯಾಕ್ ಅಂದರೆ ಅಜೀರ್ಣವೂ ಅಲ್ಲ, ಅಲರ್ಜಿಯೂ ಅಲ್ಲ. ನಮ್ಮದೇ ರೋಗನಿರೋಧಕ ವ್ಯವಸ್ಥೆ ನಮ್ಮ ಸಣ್ಣ ಕರುಳಿನ ಮೇಲೆ ತಿರುಗಿಬೀಳುವುದು. ಗೋಧಿ, ಬಾರ್ಲಿ, ರೈ ಧಾನ್ಯಗಳ ಗ್ಲುಟೆನ್ ಪ್ರೋಟೀನಿನಲ್ಲಿ ಪ್ರೋಲೀನ್, ಗ್ಲುಟಮಿನ್ ಎಂಬ ಅಮೈನೋ ಆಮ್ಲಗಳು ತುಂಬಿಕೊಂಡಿರುತ್ತವೆ. ಅದನ್ನು ಪೂರ್ತಿ ಕತ್ತರಿಸಲು ನಮ್ಮ ಜೀರ್ಣರಸಗಳಿಗೆ ಆಗುವುದಿಲ್ಲ. ನನಗೂ ಆಗುವುದಿಲ್ಲ, ನಿಮಗೂ ಆಗುವುದಿಲ್ಲ, ಪಂಜಾಬಿನ ಪೈಲ್ವಾನನಿಗೂ ಆಗುವುದಿಲ್ಲ. 2002ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಚೈತನ್ ಖೋಸ್ಲಾ ಅವರ ತಂಡ 33 ಅಮೈನೋ ಆಮ್ಲಗಳ ಇಂಥ ಒಂದು ತುಣುಕನ್ನು ಗುರುತಿಸಿತು. ಹೊಟ್ಟೆಯದ್ದಾಗಲಿ ಮೇದೋಜೀರಕದ್ದಾಗಲಿ ಕಿಣ್ವ ಹಾಕಿದರೂ ಅದು ಒಡೆಯಲಿಲ್ಲ. ಖೋಸ್ಲಾ ಓದಿದ್ದು ನಮ್ಮ ಪೊವಾಯಿಯ ಐಐಟಿಯಲ್ಲಿ, ಇದು ಎಷ್ಟೋ ಮುಂಬಯಿಯವರಿಗೆ ಗೊತ್ತಿಲ್ಲ.

ಹೆಚ್ಚಿನವರಲ್ಲಿ ಈ ತುಣುಕು ಸುಮ್ನೆ ದಾಟಿ ಹೋಗುತ್ತದೆ. ಕೆಲವರಲ್ಲಿ ಹೋಗುವುದಿಲ್ಲ. ಕರುಳಿನ ಗೋಡೆಯಲ್ಲಿ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ಇದೆ. ಟಿಟಿಜಿ ಅನ್ನುವುದು ಇದನ್ನೇ. ಅದು ಆ ತುಣುಕಿನ ಗ್ಲುಟಮಿನ್ ಅನ್ನು ಗ್ಲುಟಾಮಿಕ್ ಆಮ್ಲವಾಗಿ ಬದಲಿಸುತ್ತದೆ. ಹಾಗೆ ಬದಲಾದ ತುಣುಕು ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಎಚ್‌ಎಲ್‌ಎ ಅಣುವಿಗೆ ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಈ ಅಣು ಅದನ್ನು ರೋಗನಿರೋಧಕ ವ್ಯವಸ್ಥೆಯ ಟಿ-ಕಣಗಳಿಗೆ ತೋರಿಸುತ್ತದೆ, ಟಿ-ಕಣಗಳು ಶತ್ರು ಬಂತು ಅಂತ ಎದ್ದು ನಿಲ್ಲುತ್ತವೆ, ಉರಿಯೂತ ಶುರುವಾಗುತ್ತದೆ, ಜೊತೆಗೆ ಟಿಟಿಜಿಯ ವಿರುದ್ಧವೇ ಆ್ಯಂಟಿಬಾಡಿ ತಯಾರಾಗುತ್ತದೆ. ದೇಹದ ಯಾವ ವಸ್ತುವಿನ ಮೇಲೆ ಈ ದಾಳಿ ಅನ್ನುವುದು 1997ರ ತನಕ ಗೊತ್ತಿರಲಿಲ್ಲ. ಬರ್ಲಿನ್‌ನ ಡೆಟ್ಲೆಫ್ ಶುಪ್ಪಾನ್ ತಂಡ ಅದು ಟಿಟಿಜಿ ಅಂತ ಕಂಡುಹಿಡಿದ ಮೇಲೆ ಈ ಕಾಯಿಲೆಯನ್ನು ಹುಡುಕುವ ಕೆಲಸ ಎಷ್ಟೋ ಸಲೀಸಾಯಿತು. ಇವತ್ತು ಡೊಂಬಿವಲಿಯ ಸಣ್ಣ ಲ್ಯಾಬ್ ಕೂಡ ರಕ್ತ ತೆಗೆದು ಈ ಪರೀಕ್ಷೆಗೆ ಕಳಿಸಿಕೊಡುತ್ತದೆ.

ಇದೆಲ್ಲದರ ಏಟು ಬೀಳುವುದು ಸಣ್ಣ ಕರುಳಿನ ಒಳಮೈಯ ಸೂಕ್ಷ್ಮ ಎಳೆಗಳ ಮೇಲೆ. ವಿಲೈ ಅಂತ ಕರೆಯುತ್ತಾರೆ. ಆಹಾರದ ಸಾರ ಹೀರುವುದು ಇವೇ. ಇವು ಸವೆದು ಚಪ್ಪಟೆಯಾದರೆ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಅದರಲ್ಲೂ ಕಬ್ಬಿಣ ಹೀರುವುದು ಮುಖ್ಯವಾಗಿ ಕರುಳಿನ ಮೊದಲ ಭಾಗ, ಹೊಡೆತ ಜಾಸ್ತಿ ಬೀಳುವುದೂ ಅಲ್ಲೇ. ಅಕ್ಕನ ಮಗಳು ಮಾತ್ರೆ ನುಂಗಿಯೂ ನುಂಗಿಯೂ ರಕ್ತ ಏರದೇ ಇದ್ದದ್ದು ಇದಕ್ಕೇ. ಹೊಟ್ಟೆಯ ತೊಂದರೆ ಒಂದೂ ಇಲ್ಲದೆ ಬರೀ ರಕ್ತಹೀನತೆ, ಮೂಳೆ ಸವೆತ, ಮಕ್ಕಳಾದರೆ ಬೆಳವಣಿಗೆ ಕುಂಠಿತ, ಚರ್ಮದಲ್ಲಿ ತುರಿಕೆಯ ಗುಳ್ಳೆ, ಹೀಗೆ ಕಾಣಿಸಿಕೊಳ್ಳುವವರೂ ಇದ್ದಾರೆ.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಲೇಬೇಕು. ಎಂಡೋಸ್ಕೋಪಿಯಲ್ಲಿ ತೆಗೆಯುವ ತುಣುಕು ಅಕ್ಕಿ ಕಾಳಿಗಿಂತ ಚಿಕ್ಕದು. ಅದನ್ನು ಮೇಣದಲ್ಲಿ ಕೂರಿಸುವಾಗ ನೆಟ್ಟಗೆ ಕೂರಿಸಬೇಕು. ಓರೆಯಾಗಿ ಕೂತರೆ ಕತ್ತರಿಸಿದಾಗ ಎಳೆಗಳು ಅಡ್ಡ ಸಿಗುತ್ತವೆ, ಚೆನ್ನಾಗಿರುವ ಕರುಳೂ ಚಪ್ಪಟೆಯಾದ ಹಾಗೆ ಕಾಣಿಸುತ್ತದೆ. ಒಂದೇ ತುಣುಕು ಕಳಿಸಿದರೆ ಹಾನಿಯಾದ ಜಾಗವೇ ತಪ್ಪಿಹೋಗಬಹುದು, ಯಾಕೆಂದರೆ ಹಾನಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಅದಕ್ಕೇ ಬೇರೆ ಬೇರೆ ಜಾಗದಿಂದ ನಾಲ್ಕಾರು ತುಣುಕು ತೆಗೆಯಬೇಕು ಅನ್ನುತ್ತಾರೆ. ಇನ್ನೊಂದು, ನಮ್ಮ ದೇಶದಲ್ಲಿ ಚಪ್ಪಟೆ ಕರುಳು ಕಂಡ ತಕ್ಷಣ ಸೀಲಿಯಾಕ್ ಅನ್ನುವ ಹಾಗೂ ಇಲ್ಲ. ಟ್ರಾಪಿಕಲ್ ಸ್ಪ್ರೂ ಅಂತ ಕರುಳಿನ ಇನ್ನೊಂದು ಕಾಯಿಲೆ ಇದೆ, ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರು ಅದರ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ, ಸ್ಲೈಡಿನಲ್ಲಿ ಎರಡೂ ಅಕ್ಕತಂಗಿಯರ ಥರ ಕಾಣಬಹುದು. ಜಿಯಾರ್ಡಿಯಾ ಎಂಬ ಪರೋಪಜೀವಿಯೂ ಕರುಳು ಕೆಡಿಸುತ್ತದೆ. ರಕ್ತದ ವರದಿ, ಸ್ಲೈಡು, ರೋಗಿಯ ಕತೆ ಮೂರನ್ನೂ ಒಟ್ಟಿಗೆ ಇಟ್ಟು ನೋಡುವವರೇ ಒಳ್ಳೆ ಡಾಕ್ಟರು. ಟಿಟಿಜಿ ಪರೀಕ್ಷೆ ಅಳೆಯುವುದು ಐಜಿಎ ಎಂಬ ಬಗೆಯ ಆ್ಯಂಟಿಬಾಡಿ, ಹಾಗಾಗಿ ಜೊತೆಗೆ ಒಟ್ಟು ಐಜಿಎ ಎಷ್ಟಿದೆ ಅಂತಲೂ ನೋಡಿಸಬೇಕು. ಕೆಲವರಿಗೆ ಹುಟ್ಟಿನಿಂದಲೇ ಐಜಿಎ ಕೊರತೆ ಇರುತ್ತದೆ, ಸೀಲಿಯಾಕ್ ಇರುವವರಲ್ಲಿ ಇದು ಉಳಿದವರಿಗಿಂತ ಜಾಸ್ತಿ. ಅಂಥವರಿಗೆ ಕಾಯಿಲೆ ಇದ್ದರೂ ಟಿಟಿಜಿ-ಐಜಿಎ ನಾರ್ಮಲ್ ಅಂತಲೇ ಬರುತ್ತದೆ.

ಈಗ ವಂಶವಾಹಿಯ ವಿಷಯ. ಇತ್ತೀಚೆಗೆ ಎಂಜಲು ಕೊಟ್ಟರೆ ಸಾಕು, ನಿಮ್ಮ ಜೀನ್ ನೋಡಿ ಗ್ಲುಟೆನ್ ಆಗುತ್ತೋ ಇಲ್ಲವೋ ಹೇಳುತ್ತೇವೆ ಅನ್ನುವ ಜಾಹೀರಾತು ಜಾಸ್ತಿಯಾಗಿದೆ. ನಮ್ಮ ಸೊಸೈಟಿಯಲ್ಲೇ ಒಬ್ಬರು ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿಕೊಂಡು, ಡಿಕ್ಯೂ2 ಪಾಸಿಟಿವ್ ಅಂತ ಬಂದದ್ದೇ ತಡ, ಮನೆಮಂದಿಗೆಲ್ಲ ಚಪಾತಿ ನಿಲ್ಲಿಸಿದರು. ಎಚ್‌ಎಲ್‌ಎ-ಡಿಕ್ಯೂ2ಗೂ ಈ ಕಾಯಿಲೆಗೂ ನೇರ ನಂಟು ಇದೆ ಅಂತ 1989ರಲ್ಲಿ ನಾರ್ವೆಯ ಲುಡ್ವಿಗ್ ಸೊಲ್ಲಿಡ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟದ್ದು ನಿಜ. ಸೀಲಿಯಾಕ್ ಇರುವವರಲ್ಲಿ ನೂರಕ್ಕೆ ತೊಂಬತ್ತರಷ್ಟು ಜನರಲ್ಲಿ ಡಿಕ್ಯೂ2 ಇರುತ್ತದೆ, ಉಳಿದವರಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಡಿಕ್ಯೂ8. ಆದರೆ ಈ ಲೆಕ್ಕವನ್ನು ತಿರುಗಿಸಿ ಓದಬಾರದು. ಜನಸಾಮಾನ್ಯರಲ್ಲಿ ನೂರಕ್ಕೆ ಮೂವತ್ತರಿಂದ ನಲವತ್ತು ಜನರಲ್ಲಿ ಈ ಜೀನ್ ಇದೆ, ಹಾಗೆ ಜೀನ್ ಇರುವವರಲ್ಲಿ ಕಾಯಿಲೆ ಬರುವುದು ನೂರಕ್ಕೆ ಮೂರು ಚಿಲ್ಲರೆ ಜನಕ್ಕೆ ಮಾತ್ರ. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಇದೆ ಅಂದ ಮಾತ್ರಕ್ಕೆ ಮನೆಗೆ ಬೆಂಕಿ ಬಿತ್ತು ಅಂತ ಯಾರಾದರೂ ಹೇಳುತ್ತಾರಾ? ಈ ಪರೀಕ್ಷೆ ಉಪಯೋಗಕ್ಕೆ ಬರುವುದು ಉಲ್ಟಾ ದಿಕ್ಕಿನಲ್ಲಿ. ಎರಡೂ ಜೀನ್ ಇಲ್ಲ ಅಂತ ಬಂದರೆ ಸೀಲಿಯಾಕ್ ಅಲ್ಲ ಅಂತ ಬಹುತೇಕ ನಿಶ್ಚಿಂತೆಯಿಂದ ಹೇಳಬಹುದು. ಮೊದಲೇ ಗೋಧಿ ಬಿಟ್ಟು ಕೂತು, ಮತ್ತೆ ತಿನ್ನಲೂ ಆಗದೆ ಒದ್ದಾಡುವವರಿಗೆ ಅದು ದೊಡ್ಡ ಸಹಾಯ.

ಇನ್ನು ಐಜಿಜಿ ಫುಡ್ ಇಂಟಾಲರೆನ್ಸ್ ಪ್ಯಾನೆಲ್ ಅಂತ ನೂರಾರು ಪದಾರ್ಥಗಳ ಪಟ್ಟಿ ಕೊಡುವ ಪರೀಕ್ಷೆ. ಅದಕ್ಕೆ ದುಡ್ಡು ಸುರಿಯಬೇಡಿ, ಅಷ್ಟೇ ಹೇಳುತ್ತೇನೆ.

ಎಚ್‌ಎಲ್‌ಎ ಒಂದೇ ಕತೆಯಲ್ಲ. 2011ರಲ್ಲಿ ಬಂದ ದೊಡ್ಡ ಅಧ್ಯಯನದ ಹೊತ್ತಿಗೆ ಅದರ ಹೊರಗೆ ಈ ಕಾಯಿಲೆಗೆ ನಂಟಿರುವ ವಂಶವಾಹಿಯ ಸುಮಾರು 40 ಜಾಗಗಳು ಸಿಕ್ಕಿದ್ದವು. ಒಂದೊಂದರ ಪಾಲು ಸಣ್ಣದು. ಇವುಗಳಲ್ಲಿ ಹಲವು ರೋಗನಿರೋಧಕ ಕಣಗಳ ಕೆಲಸಕ್ಕೆ ಸೇರಿದವು, ಕೆಲವು ಟೈಪ್ 1 ಡಯಾಬಿಟಿಸ್‌ನಲ್ಲೂ ಕಾಣುತ್ತವೆ. ಚಿಕ್ಕಂದಿನಿಂದ ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳಲ್ಲಿ ಮತ್ತು ಥೈರಾಯ್ಡ್‌ನ ಆಟೋಇಮ್ಯೂನ್ ತೊಂದರೆ ಇರುವವರಲ್ಲಿ ಸೀಲಿಯಾಕ್ ಜಾಸ್ತಿ ಕಂಡುಬರುವುದಕ್ಕೆ ಇದೂ ಒಂದು ಕಾರಣ. ಒಬ್ಬರಿಗೆ ಬಂದರೆ ಅವರ ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು ಇವರಲ್ಲಿ ನೂರಕ್ಕೆ ಏಳರಿಂದ ಹತ್ತು ಜನರಿಗೆ ಇರುವ ಸಂಭವ ಇದೆ. ಅಕ್ಕನ ಮಗಳದ್ದು ಖಚಿತವಾದ ಮೇಲೆ ಮನೆಯವರೆಲ್ಲ ಟಿಟಿಜಿ ಮಾಡಿಸಿಕೊಂಡರು. ಅವಳ ತಮ್ಮನಿಗೂ ಬಂತು! ಏನೂ ತೊಂದರೆ ಇಲ್ಲದೆ ದಿನಾ ಸಂಜೆ ವಡಾಪಾವ್ ತಿನ್ನುತ್ತಿದ್ದವನು ಅವನು.

ಈಗ ಎರಡನೇ ಮಾತಿಗೆ ಬರುತ್ತೇನೆ, ಇದು ನಮ್ಮವರ ಕಾಯಿಲೆಯಲ್ಲ ಅನ್ನುವುದಕ್ಕೆ. ದೆಹಲಿಯ ಏಮ್ಸ್‌ನ ಗೋವಿಂದ ಮಖಾರಿಯಾ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ದೆಹಲಿ ಸುತ್ತಮುತ್ತ ಸುಮಾರು 96 ಜನರಲ್ಲಿ ಒಬ್ಬರಿಗೆ ಸೀಲಿಯಾಕ್ ಇದೆ. ಆಮೇಲೆ 2016ರಲ್ಲಿ ಉತ್ತರ, ಈಶಾನ್ಯ, ದಕ್ಷಿಣ ಮೂರೂ ಕಡೆ ಒಟ್ಟು 23 ಸಾವಿರಕ್ಕೂ ಹೆಚ್ಚು ಜನರನ್ನು ನೋಡಿದ ಅಧ್ಯಯನ ಬಂತು. ಆ್ಯಂಟಿಬಾಡಿ ಇದ್ದವರು ಉತ್ತರದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ ಬರೀ 0.10. ನೋಡಿ, ನಮ್ಮಲ್ಲಿ ಇಲ್ಲ ಅಂತ ಲೇಖಕರು ಹೇಳಿದ್ದು ಸರಿಯೇ ಇದೆ ಅಲ್ವಾ ಅಂತ ನೀವು ಕೇಳಬಹುದು. ಸ್ವಲ್ಪ ತಾಳಿ. ಅದೇ ಅಧ್ಯಯನದಲ್ಲಿ ಜೀನ್ ಕೂಡ ನೋಡಿದ್ದಾರೆ. ಡಿಕ್ಯೂ2 ಅಥವಾ ಡಿಕ್ಯೂ8 ಇದ್ದವರು ಉತ್ತರದಲ್ಲಿ ನೂರಕ್ಕೆ 38.1, ಈಶಾನ್ಯದಲ್ಲಿ 31.4, ದಕ್ಷಿಣದಲ್ಲಿ 36.4. ಅಂದರೆ ಜೀನ್ ನಮ್ಮಲ್ಲೂ ಅಷ್ಟೇ ಇದೆ. ವ್ಯತ್ಯಾಸ ಇರುವುದು ತಟ್ಟೆಯಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರು, ದಕ್ಷಿಣದವರು 25 ಗ್ರಾಂ.

25 ಗ್ರಾಂ ಅಂದರೆ ಒಂದು ಚಪಾತಿಯೂ ಪೂರ್ತಿ ಆಗುವುದಿಲ್ಲ. ಮುಂಬಯಿ ಕನ್ನಡಿಗರ ತಟ್ಟೆ ಹಾಗಿದೆಯಾ? ನಮ್ಮ ಅಜ್ಜ ಕುಂದಾಪುರದ ಕಡೆಯಿಂದ ಇಲ್ಲಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದಾಗ ಕುಚ್ಚಲಕ್ಕಿ ಗಂಜಿ ಬಿಟ್ಟರೆ ಬೇರೆ ಗೊತ್ತಿರಲಿಲ್ಲವಂತೆ. ಆಮೇಲೆ ರೇಶನ್ ಅಂಗಡಿಯ ಗೋಧಿ ಬಂತು, ಪಿಎಲ್ 480 ಎಂಬ ನೆರವಿನ ಯೋಜನೆಯಲ್ಲಿ ಅಮೆರಿಕದ ಗೋಧಿ ಬಂತು, ಚಾಳಿನ ಪಕ್ಕದ ಮನೆಯವರಿಂದ ಪೋಳಿ ಕಲಿತದ್ದಾಯಿತು. ಈಗಿನ ಮಕ್ಕಳ ದಿನ ನೋಡಿ. ಬೆಳಗ್ಗೆ ಟೋಸ್ಟ್ ಇಲ್ಲವೇ ಉಪ್ಪಿಟ್ಟು, ಡಬ್ಬಿಗೆ ಚಪಾತಿ ಭಾಜಿ, ಸಂಜೆ ವಡಾಪಾವ್ ಅಥವಾ ಸಮೋಸ, ರಾತ್ರಿ ಮತ್ತೆ ಚಪಾತಿ, ಭಾನುವಾರ ಪಾವ್ ಭಾಜಿ. ನಮ್ಮ ಊರಿನ ಸರಾಸರಿ ನಮಗೆ ಅನ್ವಯಿಸುವುದಿಲ್ಲ. ಜೀನ್ ಊರಿನದ್ದೇ, ಊಟ ಈ ಶಹರದ್ದು.

ಆದರೆ ಜಾಸ್ತಿ ಗೋಧಿ ತಿಂದದ್ದಕ್ಕೇ ಬಂತು ಅಂತ ನಾನು ಹೇಳುತ್ತಿಲ್ಲ. ಆ ಅಧ್ಯಯನದಲ್ಲೇ ಅದಕ್ಕೆ ಅಡ್ಡ ಬರುವ ಒಂದು ಲೆಕ್ಕ ಇದೆ. ಈಶಾನ್ಯದವರು ತಿನ್ನುತ್ತಿದ್ದದ್ದು ದಿನಕ್ಕೆ 37 ಗ್ರಾಂ ಮಾತ್ರ, ದಕ್ಷಿಣದವರಿಗಿಂತ ಚೂರು ಜಾಸ್ತಿ. ಆದರೂ ಅವರಲ್ಲಿ ಆ್ಯಂಟಿಬಾಡಿ ಎಂಟು ಪಟ್ಟಿಗಿಂತ ಹೆಚ್ಚು. ಹಾಗಾದರೆ ಗೋಧಿಯ ಪ್ರಮಾಣದ ಜೊತೆ ಬೇರೆ ಏನೋ ಸೇರಿದೆ. ಸೋಂಕುಗಳೂ ಇರಬಹುದು ಅನ್ನುವವರಿದ್ದಾರೆ. 2017ರಲ್ಲಿ ಶಿಕಾಗೊದ ಬಾನಾ ಜಬ್ರಿ ಮತ್ತು ಸಂಗಡಿಗರು ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಸಾಮಾನ್ಯವಾಗಿ ನಿರುಪದ್ರವಿ ಅನ್ನಿಸಿಕೊಂಡ ರಿಯೋವೈರಸ್ ಕೂಡ ಗ್ಲುಟೆನ್ ವಿರುದ್ಧ ದೇಹವನ್ನು ಎಬ್ಬಿಸಬಲ್ಲದು ಅಂತ ಕಂಡುಬಂತು. ನಿಖರವಾಗಿ ಒಂದೇ ಜೀನ್ ಹೊತ್ತ ಅವಳಿಗಳಲ್ಲೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಸುಮಾರು ಮುಕ್ಕಾಲು ಪಾಲು ಸಂದರ್ಭದಲ್ಲಿ, ಎಲ್ಲರಲ್ಲೂ ಅಲ್ಲ.

ಹಾಗಾದರೆ ಮಗುವಿಗೆ ಗೋಧಿ ತಡವಾಗಿ ಕೊಟ್ಟರೆ ಬಚಾವಾಗಬಹುದಾ? ಇದನ್ನು ಅಜ್ಜಿಯಂದಿರೆಲ್ಲ ಕೇಳುತ್ತಾರೆ. ಯುರೋಪಿನಲ್ಲಿ ಇದನ್ನೇ ಪರೀಕ್ಷಿಸಿದ ಎರಡು ದೊಡ್ಡ ಅಧ್ಯಯನಗಳು 2014ರಲ್ಲಿ ಪ್ರಕಟವಾದವು. ತಡ ಮಾಡಿದ್ದರಿಂದ ಕಾಯಿಲೆ ತಪ್ಪಲಿಲ್ಲ.

ಗೋಧಿ ಬಿಟ್ಟು ನಿಜವಾಗಿಯೂ ಆರಾಮಾದವರ ಬಗ್ಗೆ ನನಗೆ ತಮಾಷೆ ಇಲ್ಲ. ಸೀಲಿಯಾಕ್ ಇಲ್ಲದೆಯೂ ಗೋಧಿಯಿಂದ ಹೊಟ್ಟೆ ಕೆಡುವವರು ಇದ್ದಾರೆ. ಅವರ ರಕ್ತದಲ್ಲಿ ಟಿಟಿಜಿ ಆ್ಯಂಟಿಬಾಡಿ ಇರುವುದಿಲ್ಲ, ಕರುಳು ಚೆನ್ನಾಗಿರುತ್ತದೆ. ಆದರೆ ತಪ್ಪು ಗ್ಲುಟೆನಿನದ್ದೇ ಅನ್ನಲಾಗದು. 2018ರಲ್ಲಿ ನಾರ್ವೆಯಲ್ಲಿ 59 ಜನರಿಗೆ ಯಾವುದರಲ್ಲಿ ಏನಿದೆ ಅಂತ ಹೇಳದೆ ಗ್ಲುಟೆನ್, ಫ್ರಕ್ಟಾನ್ (ಒಂದು ಬಗೆಯ ಕಾರ್ಬೋಹೈಡ್ರೇಟ್), ಎರಡೂ ಇಲ್ಲದ್ದು ಹೀಗೆ ತಿನ್ನಿಸಿ ನೋಡಿದರು. ಎಲ್ಲರೂ ನಮಗೆ ಗ್ಲುಟೆನ್ ಆಗುವುದಿಲ್ಲ ಅಂತ ತಾವೇ ನಂಬಿದ್ದವರು. ಜಾಸ್ತಿ ತೊಂದರೆ ಕೊಟ್ಟದ್ದು ಫ್ರಕ್ಟಾನ್. ಅದು ಗೋಧಿಯಲ್ಲಿದೆ, ಈರುಳ್ಳಿ ಬೆಳ್ಳುಳ್ಳಿಯಲ್ಲೂ ಇದೆ. ಇಂಥವರು ಒಂದು ದಿನ ಮದುವೆ ಮನೆಯಲ್ಲಿ ಹೋಳಿಗೆ ತಿಂದರೆ ಹೊಟ್ಟೆ ಉಬ್ಬರಿಸಿ ಸುಮ್ಮನಾಗುತ್ತದೆ. ಸೀಲಿಯಾಕ್ ಇದ್ದವರಿಗೆ ಹಾಗಲ್ಲ, ಅವರು ಜೀವನಪೂರ್ತಿ ಚೂರೂ ಬಿಡದೆ ಪಾಲಿಸಬೇಕು. ತಾನು ಯಾವ ಗುಂಪು ಅಂತ ಗೊತ್ತಿಲ್ಲದೆ ಬರೀ ಅಂದಾಜಿನಲ್ಲಿ ಗೋಧಿ ಬಿಟ್ಟವರು, ಹಬ್ಬ ಹರಿದಿನಕ್ಕೆ ಸ್ವಲ್ಪ ನಡೀತದೆ ಬಿಡಿ ಅನ್ನುತ್ತಾ ಒಳಗೇ ಕರುಳು ಕೆಡಿಸಿಕೊಳ್ಳುತ್ತಾರೆ.

ಪಥ್ಯದ ವಿಷಯದಲ್ಲಿ ನಾವು ಅದೃಷ್ಟವಂತರು, ಇದನ್ನು ಲೇಖನದಲ್ಲಿ ಯಾಕೆ ಬರೆಯಲಿಲ್ಲವೋ. ನೀರುದೋಸೆ, ಇಡ್ಲಿ, ಕೊಟ್ಟೆ ಕಡುಬು, ಪತ್ರೊಡೆ, ಅಕ್ಕಿ ರೊಟ್ಟಿ, ರಾಗಿ ಮುದ್ದೆ, ಜೋಳದ ರೊಟ್ಟಿ, ಇಲ್ಲಿಯವರ ಬಾಜ್ರಿ ಭಾಕ್ರಿ, ಸಾಬುದಾಣಾ ಖಿಚಡಿ ಎಲ್ಲ ನಡೆಯುತ್ತದೆ. ದುಬಾರಿ ಗ್ಲುಟೆನ್-ಫ್ರೀ ಬಿಸ್ಕತ್ತು ಇಲ್ಲದಿದ್ದರೂ ಬದುಕಬಹುದು. ನಡೆಯದೇ ಇರುವುದು ರವೆ ಇಡ್ಲಿ, ರವೆ ದೋಸೆ, ಶಿರಾ, ಬನ್ಸ್, ಗೋಳಿಬಜೆ, ಶಂಕರಪೋಳಿ, ಹೋಳಿಗೆ. ಇಡ್ಲಿ ರವೆ ಅಕ್ಕಿಯದ್ದು, ಬಾಂಬೆ ರವೆ, ಚಿರೋಟಿ ರವೆ, ಬನ್ಸಿ ರವೆ ಎಲ್ಲ ಗೋಧಿಯವು. ಈಗ ಪುಣೆ, ಸಾಂಗ್ಲಿ ಕಡೆಯಿಂದ ಖಪ್ಲಿ ಗೋಧಿ ಅಂತ ಬರುತ್ತಿದೆ, ಹಳೇ ತಳಿ, ಗ್ಲುಟೆನ್ ಇಲ್ಲ ಅಂತ ಹೇಳಿ ಮಾರುವವರಿದ್ದಾರೆ. ಖಪ್ಲಿ ಕೂಡ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ. ಸಕ್ಕರೆ ಕಾಯಿಲೆಯವರು ತಿನ್ನಲಿ ಬಿಡಲಿ ಅದು ಬೇರೆ ಮಾತು, ಸೀಲಿಯಾಕ್ ಇರುವವರು ಮುಟ್ಟಬಾರದು.

ಕಣ್ಣಿಗೆ ಕಾಣದೆ ಸೇರುವ ಗೋಧಿಯದ್ದೇ ದೊಡ್ಡ ತಲೆನೋವು. ಅಂಗಡಿಯಲ್ಲಿ ಸಿಗುವ ಡಬ್ಬಿ ಇಂಗು ಶುದ್ಧ ಇಂಗಲ್ಲ, ಅದಕ್ಕೆ ಹಿಟ್ಟು ಸೇರಿಸಿರುತ್ತಾರೆ, ಹಲವು ಬ್ರಾಂಡ್‌ಗಳಲ್ಲಿ ಅದು ಗೋಧಿ ಹಿಟ್ಟು ಅಥವಾ ಮೈದಾ. ಅಕ್ಕಿ ಹಿಟ್ಟು ಹಾಕಿದ ಇಂಗೂ ಸಿಗುತ್ತದೆ, ಡಬ್ಬಿಯ ಹಿಂದೆ ಓದಬೇಕು. ಸೋಯಾ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ, ಹಾಗಾಗಿ ಮಂಚೂರಿ, ಚೈನೀಸ್ ಭೇಳ್ ಬೇಡ. ಉಡುಪಿ ಹೋಟೆಲಿನಲ್ಲಿ ಸಾದಾ ದೋಸೆಗೂ ರವೆ ದೋಸೆಗೂ ಕಾವಲಿ ಒಂದೇ, ಸಮೋಸ ಕರಿದ ಎಣ್ಣೆಯಲ್ಲೇ ಬಟಾಟೆ ವಡೆ. ಎಲ್ಲಕ್ಕಿಂತ ಮೋಸ ಮಾಡುವುದು ಹಿಟ್ಟಿನ ಚಕ್ಕಿ. ಜೋಳ ಕೊಟ್ಟು ಬೀಸಿಸಿಕೊಂಡು ಬರುತ್ತೀರಿ. ಆದರೆ ನಿಮಗಿಂತ ಮುಂಚೆ ಅದೇ ಕಲ್ಲಿನಲ್ಲಿ ಬೀಸಿದ್ದು ಐದು ಕಿಲೋ ಗೋಧಿ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ಗ್ಲುಟೆನ್-ಫ್ರೀ ಅನ್ನಬೇಕಾದರೆ ಕಿಲೋ ಪದಾರ್ಥದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಬಾರದು. ಚಕ್ಕಿಯ ಬಾಯಲ್ಲಿ ಉಳಿದ ಒಂದು ಹಿಡಿ ಹಿಟ್ಟು ಆ ಮಿತಿಯನ್ನು ಎಲ್ಲಿಗೋ ದಾಟಿಸಿಬಿಡುತ್ತದೆ. ಅಕ್ಕನ ಮಗಳ ಟಿಟಿಜಿ ಪಥ್ಯ ಮಾಡಿಯೂ ಇಳಿಯದೇ ಇದ್ದಾಗ ಕಾರಣ ಇದೇ ಅಂತ ಗೊತ್ತಾಯಿತು. ಈಗ ಮನೆಯಲ್ಲೇ ಸಣ್ಣ ಗಿರಣಿ ಇಟ್ಟುಕೊಂಡಿದ್ದಾರೆ, ಅದರಲ್ಲಿ ಗೋಧಿ ಹಾಕುವುದೇ ಇಲ್ಲ.

ಔಷಧಿ ಇಲ್ಲವಾ ಅಂದರೆ, ಪಥ್ಯದ ಜಾಗಕ್ಕೆ ಬರುವಂಥದ್ದು ಇನ್ನೂ ಬಂದಿಲ್ಲ. ಟಿಟಿಜಿ ಕಿಣ್ವವನ್ನೇ ಕಟ್ಟಿಹಾಕುವ ಝೆಡ್ಇಡಿ1227 ಎಂಬ ಮಾತ್ರೆಯ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ದಿನಕ್ಕೆ 3 ಗ್ರಾಂ ಗ್ಲುಟೆನ್‌ನಂತೆ 6 ವಾರ ತಿನ್ನುತ್ತಾ ಈ ಮಾತ್ರೆಯನ್ನೂ ತೆಗೆದುಕೊಂಡವರಲ್ಲಿ ಕರುಳಿನ ಹಾನಿ ಕಡಿಮೆಯಾಯಿತು. ಇದು ಆಸೆ ಹುಟ್ಟಿಸುವ ಸುದ್ದಿ. ಇನ್ನೊಂದು ಕಡೆ, ಲಸಿಕೆಯ ಥರ ಕೊಡುತ್ತಿದ್ದ ನೆಕ್ಸ್‌ವ್ಯಾಕ್ಸ್2 ಪ್ರಯೋಗವನ್ನು 2019ರಲ್ಲಿ, ಲರಾಜೊಟೈಡ್ ಎಂಬುದನ್ನು 2022ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಹಾಗಾಗಿ ಆನ್‌ಲೈನ್‌ನಲ್ಲಿ ಕಿಣ್ವದ ಮಾತ್ರೆ ತರಿಸಿಕೊಂಡು, ಇದು ನುಂಗಿದರೆ ಪಿಜ್ಜಾ ತಿನ್ನಬಹುದು ಅನ್ನುವವರ ಮಾತು ಕೇಳಬೇಡಿ.

ಕಷ್ಟ ಇರುವುದು ಜನರ ಮಧ್ಯೆ. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ರವೆಯದ್ದು. ಬೇಡ ಅಂದರೆ ದೇವರ ಪ್ರಸಾದ, ಒಂದು ಚಿಟಿಕೆಗೆ ಏನಾಗುತ್ತೆ ಅನ್ನುತ್ತಾರೆ. ನಮ್ಮ ಬಿಲ್ಡಿಂಗಿನ ಮಂಗಳೂರು ಕ್ಯಾಥೊಲಿಕ್ ಗೆಳತಿಗೂ ಇದೇ ಚಿಂತೆ ಇತ್ತು, ಚರ್ಚಿನಲ್ಲಿ ಕೊಡುವ ಪರಮಪ್ರಸಾದ ಗೋಧಿಯದ್ದು ಅಂತ. ವ್ಯಾಟಿಕನ್ 2017ರ ಪತ್ರದಲ್ಲಿ ಪೂರ್ತಿ ಗ್ಲುಟೆನ್ ಇಲ್ಲದ್ದು ಆಗುವುದಿಲ್ಲ, ತೀರಾ ಕಡಿಮೆ ಇರುವಂಥದ್ದು ನಡೆಯುತ್ತದೆ ಅಂತ ಮತ್ತೆ ಹೇಳಿದೆ. ನಮ್ಮ ಭಟ್ಟರ ಹತ್ತಿರ ಕೇಳಿದ್ದಕ್ಕೆ, ಬಾಳೆಹಣ್ಣು ನೈವೇದ್ಯ ಇದೆಯಲ್ಲ ಅಮ್ಮ, ಅದನ್ನೇ ತಗೊಳ್ಳಲಿ ಅಂದರು. ಅಷ್ಟಕ್ಕೇ ಮುಗಿಯಿತು.

ಮುಂಬಯಿಯ ನಮ್ಮ ಸಂಘಗಳು ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ಮಾಡುತ್ತವೆ. ಬಿಪಿ, ಸಕ್ಕರೆ, ಹಿಮೋಗ್ಲೋಬಿನ್ ನೋಡುತ್ತಾರೆ. ರಕ್ತ ಕಡಿಮೆ ಇದ್ದ ಹೆಂಗಸರಿಗೆ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುತ್ತಾರೆ. ಹೋದ ವರ್ಷವೂ ಇದೇ ಮಾತ್ರೆ ತಗೊಂಡಿದ್ದಿರಾ, ಏರಲಿಲ್ಲವಾ ಅಂತ ಒಂದು ಪ್ರಶ್ನೆ ಸೇರಿಸಿ, ಏರದವರಿಗೆ ಟಿಟಿಜಿ ಮಾಡಿಸಲು ಹೇಳಿ ಅಂತ ಸಂಘಗಳ ಪದಾಧಿಕಾರಿಗಳಿಗೆ ನನ್ನ ವಿನಂತಿ. ಎಲ್ಲರಿಗೂ ಮಾಡಿಸಬೇಕಿಲ್ಲ.

ಪತ್ರ ಪೂರ್ತಿ ಹಾಕಲು ಜಾಗ ಇಲ್ಲದಿದ್ದರೆ ಜೀನಿನ ಕತೆ, ಔಷಧಿಯ ಕತೆ ಕತ್ತರಿಸಿ, ಬೇಜಾರಿಲ್ಲ. ಪರೀಕ್ಷೆಗೆ ಮುಂಚೆ ಗೋಧಿ ಬಿಡಬಾರದು ಅನ್ನುವುದನ್ನೂ ಚಕ್ಕಿಯ ವಿಷಯವನ್ನೂ ಮಾತ್ರ ಉಳಿಸಿ. ಚಕ್ಕಿಯದ್ದನ್ನು ಡಾಕ್ಟರೂ ಹೇಳುವುದಿಲ್ಲ.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್,
ಡೊಂಬಿವಲಿ ಪೂರ್ವ